ಬಾಯ್ಲರಿಗೆ ಕಿವಿಗೊಟ್ಟು

ಕೇಳುಗರಿಗೆ ನಮಸ್ಕಾರ. ನಿಂತುಹೋದ ನ್ಯಾರೋಗೇಜ್ ಉಗಿ ಎಂಜಿನ್ನುಗಳನ್ನು ಮತ್ತೆ ಜನರನ್ನು ಎಳೆಯುವಂತೆ ಮಾಡುವ ಕೆಲಸದ ಬಗ್ಗೆ ಇವತ್ತಿನ ಮಾತು.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಬ್ರಾಡ್‌ಗೇಜ್ ಹಳಿಯ ಮೇಲೆ. ಹಾಸನದ ಕಡೆಯಿಂದ ಘಟ್ಟ ಇಳಿದು ಮೀಟರ್‌ಗೇಜ್ ಬಂದದ್ದು 1979ರಲ್ಲಿ. ಹಳಿಗಳ ನಡುವಿನ ಅಂತರ ಅದಕ್ಕಿಂತಲೂ ಕಿರಿದಾದ ನ್ಯಾರೋಗೇಜಿನ ಪ್ರಯಾಣ ನಮ್ಮ ಕರಾವಳಿಯವರಿಗೆ ಸಿಗಲಿಲ್ಲ. ಅದರ ಸುಖ ಕಂಡವರು ಘಟ್ಟದ ಮೇಲಿನವರು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ, ಬಂಗಾರಪೇಟೆಯಿಂದ ಕೋಲಾರಕ್ಕೆ, ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಪುಟ್ಟ ಗಾಡಿಗಳಲ್ಲಿ ಓಡಾಡಿದವರು.

ಹಾಗಿದ್ದೂ ಮಂಗಳೂರಿನ ನಾನು ಈ ವಿಷಯ ಎತ್ತಿಕೊಂಡದ್ದಕ್ಕೆ ಕಾರಣ ಬಾಯ್ಲರ್. ಮೂವತ್ತು ವರ್ಷ ಕುಚ್ಚಲಕ್ಕಿ ಮಿಲ್ಲಿನ ಬಾಯ್ಲರ್ ಮುಂದೆ ನಿಂತವನು ನಾನು. ಉಮಿ ಉರಿಸಿ ಹಬೆ ಮಾಡುವುದು, ಆ ಹಬೆಯಲ್ಲಿ ಭತ್ತ ಬೇಯುವುದು. ಉಗಿ ಎಂಜಿನ್ ಅಂದರೂ ಅದೇ ಒಲೆ, ಅದೇ ನೀರು. ಚಕ್ರ ಇದೆ, ಹಿಂದೆ ಜನ ಕೂತಿದ್ದಾರೆ, ಅಷ್ಟೇ ವ್ಯತ್ಯಾಸ. ಆ ‘ಅಷ್ಟೇ’ ಎಷ್ಟು ದೊಡ್ಡದು ಎಂಬುದನ್ನು ಹೇಳಬೇಕು.

ಶಿಮ್ಲಾ ದಾರಿಯಲ್ಲಿ ಕೆ.ಸಿ. 520 ಎಂಬ ಎಂಜಿನ್ ಇದೆ. ಅದು ಓಡುವ ಹಳಿಗಳ ನಡುವೆ 762 ಮಿಲಿಮೀಟರ್ ಅಂತರ. 1905ರಲ್ಲಿ ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಕಂಪನಿ ಕಟ್ಟಿದ್ದು. 1971ರಲ್ಲಿ ಅದರ ಒಲೆ ನಂದಿತು. ಮೂವತ್ತು ವರ್ಷ ತಣ್ಣಗೆ ನಿಂತಿದ್ದ ಅದಕ್ಕೆ 2001ರಲ್ಲಿ ಮತ್ತೆ ಬೆಂಕಿ ಹಾಕಿದರು. ಪ್ರವಾಸಿಗರನ್ನು ಕೂರಿಸಿಕೊಂಡು ಎಳೆಯಿತು. ಹಳೇ ಎಂಜಿನ್ನಿಗೆ ಕಪ್ಪು ಬಣ್ಣ ಬಳಿದು, ಹಿತ್ತಾಳೆ ತಿಕ್ಕಿ, ಸ್ಟೇಷನ್ನಿನ ಎದುರು ಕಟ್ಟೆಯ ಮೇಲೆ ನಿಲ್ಲಿಸುವುದು ಒಂದು ಕೆಲಸ. ಅದರ ಹಿಂದೆ ಮಕ್ಕಳು, ಮುದುಕರು ಟಿಕೆಟ್ ತೆಗೆದು ಕೂರುವಂತೆ ಮಾಡುವುದು ಬೇರೆಯೇ ಕೆಲಸ.

ಮೊದಲು ಬಾಯ್ಲರನ್ನು ಚೌಕಟ್ಟಿನಿಂದ ಎತ್ತಿ ಹೊರಗಿಡಬೇಕು. ಮೇಲಿನ ಹೊದಿಕೆ ಬಿಚ್ಚಿದಾಗ ನಿಜಸ್ಥಿತಿ ಕಾಣುತ್ತದೆ. ಹೊಗೆ ಹೋಗುವ ಟ್ಯೂಬುಗಳನ್ನೆಲ್ಲ ಕಿತ್ತು, ಒಳಗಿನ ಹೆಕ್ಕಳೆ ಕೆರೆದು, ತಗಡು ಎಲ್ಲೆಲ್ಲಿ ಸವೆದಿದೆ ಎಂದು ಅಲ್ಟ್ರಾಸೌಂಡ್ ಉಪಕರಣದಿಂದ ಅಳೆಯುತ್ತಾರೆ. ಬೆಂಕಿ ಇರುವ ಫೈರ್‌ಬಾಕ್ಸು ಪೆಟ್ಟಿಗೆಯೊಳಗಿನ ಪೆಟ್ಟಿಗೆ. ಎರಡರ ನಡುವೆ ನೀರು, ಎರಡನ್ನೂ ಹಿಡಿದಿಡುವುದಕ್ಕೆ ನೂರಾರು ಸ್ಟೇ ಬೋಲ್ಟುಗಳು. ಹಳೆಯ ಎಂಜಿನ್ನುಗಳಲ್ಲಿ ಒಳಪೆಟ್ಟಿಗೆ ಹಲವು ಸಲ ತಾಮ್ರದ್ದು, ಹೊರಗಿನದು ಉಕ್ಕಿನದು. ಕಾದಾಗ ತಾಮ್ರ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಎಳೆದಾಟದಲ್ಲಿ ನಡುವಿನ ಬೋಲ್ಟು ದಿನವೂ ಕೂದಲೆಳೆಯಷ್ಟು ಬಾಗಿ ಬಾಗಿ ಒಂದು ದಿನ ತುಂಡಾಗುತ್ತದೆ, ಹೊರಗಿನಿಂದ ಏನೂ ಕಾಣದು. ಅದಕ್ಕೇ ಬೋಲ್ಟಿನ ತುದಿಯಲ್ಲಿ ಸಣ್ಣ ತೂತು ಕೊರೆದಿಡುವ ಕ್ರಮವಿದೆ. ತುಂಡಾದರೆ ಆ ತೂತಿನಿಂದ ಹಬೆ ಸೋರಿ ಸುದ್ದಿ ಕೊಡುತ್ತದೆ. ಇನ್ನೊಂದು ದಾರಿ ಸುತ್ತಿಗೆ. ಬೋಲ್ಟಿನ ತಲೆಗೆ ಮೆಲ್ಲನೆ ಬಡಿದರೆ ಗಟ್ಟಿಯಿರುವುದು ಟಣ್ ಎನ್ನುತ್ತದೆ, ತುಂಡಾದದ್ದು ಒಡಕು ಮಡಕೆಯ ಹಾಗೆ ಮಂಕಾಗಿ ಸದ್ದು ಮಾಡುತ್ತದೆ. ಸಂತೆಯಲ್ಲಿ ಮಡಕೆ ಬಡಿದು ನೋಡಿ ಕೊಂಡ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಉಪಕರಣ ದುಡ್ಡು ಕೊಟ್ಟರೆ ಬರುತ್ತದೆ. ಆ ಕಿವಿಯನ್ನು ಇನ್ನೊಬ್ಬರಿಗೆ ದಾಟಿಸುವುದಕ್ಕೆ ವರ್ಷಗಳು ಬೇಕು. ನಿಂತ ಎಂಜಿನ್ನನ್ನು ಮೂವತ್ತು ವರ್ಷಗಳ ನಂತರವೂ ಎಬ್ಬಿಸಬಹುದು, ಸುತ್ತಿಗೆ ಹಿಡಿದ ಮುದುಕರನ್ನು ಎಬ್ಬಿಸಲಾಗದು. ನನಗೆ ಆತಂಕ ಇರುವುದು ಅಲ್ಲೇ.

ರಿಪೇರಿಯಾದ ಬಾಯ್ಲರಿಗೆ ನೇರ ಬೆಂಕಿ ಹಾಕುವಂತಿಲ್ಲ. ಮೊದಲು ತಣ್ಣೀರು ತುಂಬಿ ಪಂಪಿನಿಂದ ಒತ್ತಡ ಏರಿಸುತ್ತಾರೆ, ಸಾಮಾನ್ಯವಾಗಿ ಎಂಜಿನ್ ಓಡುವಾಗ ಬಾಯ್ಲರಿನೊಳಗೆ ಇರುವ ಒತ್ತಡದ ಒಂದೂವರೆ ಪಟ್ಟು. ನೀರೇ ಯಾಕೆ? ನೀರು ಒತ್ತಿದರೆ ಕುಗ್ಗುವುದು ತೀರಾ ಕಡಿಮೆ. ಎಲ್ಲಾದರೂ ಬಿಟ್ಟುಕೊಂಡರೆ ಒಂದಿಷ್ಟು ಸೋರಿ ಒತ್ತಡ ಇಳಿಯುತ್ತದೆ. ಹಬೆಯಲ್ಲಿ ಹಾಗಲ್ಲ. ಚದರ ಇಂಚಿಗೆ 140 ಪೌಂಡ್ ಒತ್ತಡದಲ್ಲಿ ಬಾಯ್ಲರಿನೊಳಗಿನ ನೀರು 180 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ತಗಡು ಹರಿದರೆ ಅದರಲ್ಲಿ ಒಂದು ಪಾಲು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಬೆಯಾಗಿ ಉಬ್ಬಿಬಿಡುತ್ತದೆ.

ನೀರಿನ ಮಾತು ಬಂತು, ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನು ಕೆಲಸ ಕಲಿಯುತ್ತಿದ್ದ ಮಿಲ್ಲು ಹೊಳೆಯ ಬದಿಯಲ್ಲಿತ್ತು. ಎಪ್ರಿಲ್‌ನಲ್ಲಿ ಬಾವಿಯ ನೀರು ಸವುಳಾಗುತ್ತಿತ್ತು. ಒಂದು ಮಧ್ಯಾಹ್ನ ಗೇಜ್ ಗ್ಲಾಸಿನಲ್ಲಿ, ಅಂದರೆ ಬಾಯ್ಲರಿನೊಳಗಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ, ನೀರು ಮೇಲಿನವರೆಗೆ ಕುಣಿಯುತ್ತಿತ್ತು. ತುಂಬಿದೆ ಎಂದುಕೊಂಡು ನಾನು ಪಂಪು ನಿಲ್ಲಿಸಿದೆ. ಒಲೆ ನೋಡಿಕೊಳ್ಳುವ ಹಿರಿಯ ಫೈರ್‌ಮನ್ ಓಡಿ ಬಂದು ಹಬೆಯ ದೊಡ್ಡ ವಾಲ್ವ್ ಮುಚ್ಚಿದರು. “ಅದು ನೀರಲ್ಲ ಮಾರಾಯ, ನೊರೆ” ಎಂದರು. ಸವುಳು ನೀರು ಕುದಿದು ಎದ್ದ ನೊರೆ ಇಳಿಯಿತು. ಗ್ಲಾಸಿನ ತಳದಲ್ಲಿ ಬೆರಳಗಲ ನೀರು ಮಾತ್ರ ಉಳಿದಿತ್ತು. ಇನ್ನೂ ಇಳಿದು ಬೆಂಕಿಯ ಮೇಲಿನ ತಗಡು ಬರಿದಾಗಿದ್ದರೆ ನಾನು ಈಗ ನಿಮ್ಮೊಡನೆ ಮಾತಾಡುತ್ತಿರಲಿಲ್ಲ. ಅಂಥ ಗಳಿಗೆಗೆಂದೇ ಎಂಜಿನ್ನಿನ ಫೈರ್‌ಬಾಕ್ಸಿನ ನೆತ್ತಿಯಲ್ಲಿ ಸೀಸ ತುಂಬಿದ ಬಿರಡೆ ಇಟ್ಟಿರುತ್ತಾರೆ. ನೀರು ಇಳಿದರೆ ಸೀಸ ಕರಗಿ ಹಬೆ ಒಲೆಗೆ ನುಗ್ಗಿ ಎಚ್ಚರಿಸುತ್ತದೆ. ಆದರೆ ಸೀಸ ಕರಗುವ ತನಕ ಕಾದವನು ಫೈರ್‌ಮನ್ ಅಲ್ಲ.

ಬ್ರೇಕಿನ ವಿಷಯ ಚುಟುಕಾಗಿ ಹೇಳುತ್ತೇನೆ. ಪೈಪಿನೊಳಗಿನ ಗಾಳಿ ಹೀರಿ ಬ್ರೇಕನ್ನು ಸಡಿಲವಾಗಿಡುವ ವ್ಯಾಕ್ಯೂಮ್ ಬ್ರೇಕಿನ ಗಾಡಿಯಲ್ಲಿ ಕೊಂಡಿ ಕಳಚಿ ಡಬ್ಬಿ ಬೇರೆಯಾದರೆ ಪೈಪಿಗೆ ಗಾಳಿ ನುಗ್ಗಿ ಬ್ರೇಕು ತಾನೇ ಬೀಳುತ್ತದೆ. ಜನ ಕೂರುವ ಗಾಡಿಗೆ ಇಂಥದೊಂದು ಏರ್ಪಾಡು ಬೇಕೇ ಬೇಕು.

ಕೆಲಸದಿಂದ ನಿವೃತ್ತನಾದ ಮೇಲೆ ಡಾರ್ಜಿಲಿಂಗಿಗೆ ಹೋದೆ. ಅಲ್ಲಿಯ ರೈಲು 1881ರದು, ಹಳಿಗಳ ನಡುವೆ ಎರಡೇ ಅಡಿ. 1889ರಿಂದ ಅಲ್ಲಿಗೆ ಬರತೊಡಗಿದ ‘ಬಿ’ ದರ್ಜೆಯ ಎಂಜಿನ್ನುಗಳ ಚಕ್ರ 26 ಇಂಚು, ನನ್ನ ಮೊಣಕಾಲಿಗಿಂತ ತುಸು ಮೇಲೆ ಬರುತ್ತದೆ. ಇಷ್ಟು ಪುಟ್ಟದು ಬೆಟ್ಟ ಹತ್ತುವುದನ್ನು ನೋಡಿದರೆ ಪ್ರೀತಿ ಉಕ್ಕದೆ ಇರದು. ಇಳಿಜಾರು ತೀರಾ ಕಡಿದಾದಲ್ಲಿ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಿ ಏರುತ್ತದೆ. ಮಂಜು ಬಿದ್ದು ಹಳಿ ಜಾರಿದರೆ ಮುಂದೆ ಕೂತವರು ಹಳಿಯ ಮೇಲೆ ಮರಳು ಉದುರಿಸುತ್ತಾರೆ.

ಡಾರ್ಜಿಲಿಂಗಿನಿಂದ ಘೂಮ್‌ಗೆ ಹೋಗುವ ಗಾಡಿಗೆ ಟಿಕೆಟ್ ತೆಗೆದೆ. ಹೊರಡುವ ಮುಂಚೆ ಎಂಜಿನ್ನಿನ ಹತ್ತಿರ ಹೋದೆ. ಫೈರ್‌ಮನ್ ಹುಡುಗನಿಗೆ ಇಪ್ಪತ್ತೈದು ಇರಬಹುದು. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ನಾನು ಗೇಜ್ ಗ್ಲಾಸಿನ ಕಡೆ ಬೆರಳು ತೋರಿಸಿದೆ. ಅವನು ನನ್ನ ಮುಖ ನೋಡಿ, ಕೆಳಗಿನ ನಲ್ಲಿ ತೆರೆದು ಗ್ಲಾಸಿನ ನೀರನ್ನು ಪೂರ್ತಿ ಹೊರಬಿಟ್ಟ; ಮತ್ತೆ ಮುಚ್ಚಿದ. ನೀರು ಚಿಮ್ಮಿ ಬಂದು ಅರ್ಧಕ್ಕೂ ತುಸು ಮೇಲೆ ನಿಂತಿತು. ನೊರೆ ಇರಲಿಲ್ಲ.

ನಾನು ಹೋಗಿ ನನ್ನ ಸೀಟಿನಲ್ಲಿ ಕೂತೆ.