42 ಬಟನ್, ಒಂದೇ ಫಂಕ್ಷನ್: ಆಕ್ಸೆಸ್ ಫಾರ್ಮ್‌ನ ಒಂದು ವಿಚಿತ್ರ ಸಾಲು

ನಮಸ್ಕಾರ! ಕಾಮೆಂಟ್‌ನಲ್ಲಿ ಬಂದ ಪ್ರಶ್ನೆ: "ಮೈಕ್ರೋಸಾಫ್ಟ್ ಆಕ್ಸೆಸ್ (ಡೇಟಾಬೇಸ್ ಪ್ರೋಗ್ರಾಂ) ಫಾರ್ಮ್ ಮೇಲೆ ಕ್ಯಾಲೆಂಡರ್ ಮಾಡ್ತಿದೀನಿ. ದಿನಕ್ಕೊಂದು ಬಟನ್. ಪ್ರತಿಯೊಂದಕ್ಕೂ ಕ್ಲಿಕ್ ಕೋಡ್ ಬರೀಲೇಬೇಕಾ?"

ಬೇಡ ಮಾರಾಯ್ರೆ!

ಮೊದಲು, ಎಷ್ಟು ಬಟನ್ ಬೇಕು? 31 ಅಂದ್ರಾ? ತಪ್ಪು. ಸಾಲಿಗೆ ಏಳು ದಿನ, ಭಾನುವಾರದಿಂದ ಶನಿವಾರಕ್ಕೆ. 2026ರ ಫೆಬ್ರವರಿ ಭಾನುವಾರ ಶುರು, ಸರಿಯಾಗಿ ನಾಲ್ಕು ಸಾಲಿಗೆ ಮುಗೀತು. ಅದೇ ವರ್ಷದ ಆಗಸ್ಟ್ ಶನಿವಾರ ಶುರು, 30 ಮತ್ತು 31 ಆರನೇ ಸಾಲಿಗೆ ಬೀಳ್ತವೆ. ಯಾವ ತಿಂಗಳಿಗೂ ಸಾಲಬೇಕಂದ್ರೆ ಆರು ಸಾಲು ಬೇಕು, ಆರು ಏಳಲಿ 42.

[ಸ್ಕ್ರೀನ್: ಡಿಸೈನ್ ವ್ಯೂ, 42 ಬಟನ್‌ಗಳೂ ಸೆಲೆಕ್ಟ್ ಆಗಿವೆ]

ಹಳೇ ವಿಬಿ 6ರಲ್ಲಿ (ವಿಷುಯಲ್ ಬೇಸಿಕ್ 6) ಕಂಟ್ರೋಲ್ ಅರೇ ಇತ್ತು, ಅಂದ್ರೆ ಹಲವು ಬಟನ್‌ಗೆ ಒಂದೇ ಹೆಸರು, ಒಂದೇ ಕೋಡ್; ಆಕ್ಸೆಸ್‌ಗೆ ಆ ಭಾಗ್ಯ ಇಲ್ಲ. ಆದ್ರೆ ನೋಡಿ, ಎಲ್ಲ ಬಟನ್ ಒಟ್ಟಿಗೆ ಹಿಡಿದು, ಪ್ರಾಪರ್ಟಿ ಶೀಟ್‌ನ "ಆನ್ ಕ್ಲಿಕ್" ಸಾಲಲ್ಲಿ ಒಂದೇ ಸಲ ಹೀಗೆ ಟೈಪ್ ಮಾಡಿ (ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, DinaOttu ಅಂತ):

=ದಿನಒತ್ತು()

ಅಷ್ಟೇ. 42ಕ್ಕೂ ಕೂತ್ಕೊಳ್ತು.

ಈಗ ನನಗೆ ಭಾರಿ ಇಷ್ಟವಾದ ವಿಷಯ. ಈ "ದಿನಒತ್ತು" ಫಂಕ್ಷನ್ ಆಗಿರಲೇಬೇಕು. ಫಂಕ್ಷನ್ ಅಂದ್ರೆ ಕೆಲಸ ಮುಗಿಸಿ ಒಂದು ಬೆಲೆ (ವ್ಯಾಲ್ಯೂ) ವಾಪಸ್ ಕೊಡಬಲ್ಲ ಕೋಡ್, ಸಬ್ ಅಂದ್ರೆ ಕೆಲಸ ಮಾತ್ರ ಮಾಡೋ ಕೋಡ್. ಸಬ್ ಬರೆದ್ರೆ ಎರರ್. ಸರಿ, ಫಂಕ್ಷನ್ ಬರೆದು ಬೆಲೆ ವಾಪಸ್ ಕೊಟ್ರೆ ಆಕ್ಸೆಸ್ ಅದನ್ನ ಏನ್ಮಾಡತ್ತೆ? ಏನೂ ಇಲ್ಲ! ಮುಯ್ಯಿ ಕವರ್ ಇಲ್ದೆ ಮದುವೆ ಮನೆ ಒಳಗೆ ಬಿಡಲ್ಲ, ಕೊಟ್ಟ ಕವರ್ ಒಡೆದೂ ನೋಡಲ್ಲ ಅನ್ನೋ ಥರ. ಖಾಲಿ ಕವರ್ ಆದ್ರೂ ನಡಿಯತ್ತೆ, ಅಂದ್ರೆ ಫಂಕ್ಷನ್ ಏನೂ ವಾಪಸ್ ಕೊಡದಿದ್ರೂ ತಕರಾರಿಲ್ಲ. ಯಾಕೀ ಹಠ? ಸಮ ಚಿಹ್ನೆ ಹಾಕಿದ ತಕ್ಷಣ ಅದು ಎಕ್ಸ್‌ಪ್ರೆಶನ್, ಅಂದ್ರೆ ಲೆಕ್ಕ ಹಾಕೋ ಸೂತ್ರ. ಎಕ್ಸ್‌ಪ್ರೆಶನ್ ಅಂದ್ಮೇಲೆ ಬೆಲೆ ಇರ್ಬೇಕು, ಸಬ್‌ಗೆ ಬೆಲೆ ಇಲ್ಲ. ಒಂದು ಒಳ್ಳೆ ಎರರ್ ಮೆಸೇಜಲ್ಲಿ ಇಷ್ಟನ್ನ ಹೇಳಿದ್ರೆ ಎಷ್ಟು ಜನರ ಸಂಜೆ ಉಳೀತಿತ್ತೋ!

ಯಾವ ಬಟನ್ ಒತ್ತಿದ್ರು ಅಂತ ತಿಳಿಯೋದು ಹೇಗೆ? ಸ್ಕ್ರೀನ್ ಡಾಟ್ ಆಕ್ಟಿವ್‌ಕಂಟ್ರೋಲ್ (Screen.ActiveControl), ಅಂದ್ರೆ ಈಗ ಫೋಕಸ್ ಇರೋ ಕಂಟ್ರೋಲ್. ಬಟನ್ ಒತ್ತಿದಾಗ ಫೋಕಸ್ ಅದರ ಮೇಲಿರತ್ತೆ. ಅದರ ಟ್ಯಾಗ್ (ನಮ್ಮ ಟಿಪ್ಪಣಿ ಇಡೋ ಪ್ರಾಪರ್ಟಿ) ಓದಿ, ಅದರಲ್ಲಿ ಆ ದಿನದ ತಾರೀಖಿರತ್ತೆ, ಮುಗೀತು.

[ಸ್ಕ್ರೀನ್: ತಿಂಗಳು ತುಂಬಿಸುವ ಲೂಪ್]

ಟ್ಯಾಗ್ ಒಳಗೆ ತಾರೀಖು ಯಾರು ಇಟ್ರು? ತಿಂಗಳು ಬದಲಾದಾಗಲೆಲ್ಲ ಒಂದು ಲೂಪ್ 1ರಿಂದ 42ರವರೆಗೆ ಹೋಗಿ ಕ್ಯಾಪ್ಷನ್ (ಬಟನ್ ಮೇಲೆ ಕಾಣೋ ಬರಹ), ಟ್ಯಾಗ್ ಎರಡೂ ತುಂಬತ್ತೆ. ಟ್ಯಾಗ್ ಬರೀ ಅಕ್ಷರ ಇಡೋ ಜಾಗ. "08/03" ಅಂತ ಇಟ್ರೆ, ಅದು ಆಗಸ್ಟ್ ಮೂರೋ ಮಾರ್ಚ್ ಎಂಟೋ ಅನ್ನೋದು ಆ ಕಂಪ್ಯೂಟರ್‌ನ ಸೆಟ್ಟಿಂಗ್ ಮರ್ಜಿ. ಅದಕ್ಕೆ ತಾರೀಖಿನ ಅಂಕೆಯನ್ನೇ ಇಡಿ. ಆಕ್ಸೆಸ್ 1899ರ ಡಿಸೆಂಬರ್ 30ನ್ನ ಸೊನ್ನೆ ಅಂತ ಎಣಿಸತ್ತೆ, 2026ರ ಆಗಸ್ಟ್ 1 ಅಂದ್ರೆ 46235.

ಟೈಮ್ ಆಗೋಯ್ತು, ಉಳಿದದ್ದು ಓಡ್ತಾ ಓಡ್ತಾ. ಬಟನ್ ಬದಲು ಲೇಬಲ್ ಬಳಸಿದ್ರೆ ಈ ಉಪಾಯ ಕೈಕೊಡತ್ತೆ, ಲೇಬಲ್‌ಗೆ ಫೋಕಸ್ ಬರಲ್ಲ. ಆಗ =ದಿನಒತ್ತು(17) ಅಂತ ಲೇಬಲ್‌ನ ನಂಬರನ್ನೇ ಕಳಿಸಿ. 42 ಸಲ ಟೈಪ್ ಮಾಡೋಕೆ ಕೂರ್ಬೇಡಿ, ಆನ್ ಕ್ಲಿಕ್ ಸಾಲನ್ನೂ ಲೂಪಲ್ಲೇ ತುಂಬಿಸ್ಬಹುದು. ಫಂಕ್ಷನ್ ಬೇರೆ ಮಾಡ್ಯೂಲ್‌ನಲ್ಲಿದ್ರೆ ಅಲ್ಲಿ "ಮೀ" (Me, ಅಂದ್ರೆ 'ಈ ಫಾರ್ಮ್') ಓಡಲ್ಲ, ಫಾರ್ಮನ್ನ ಆರ್ಗ್ಯುಮೆಂಟ್ ಆಗಿ ಕೊಡಿ. ವಿತ್‌ಈವೆಂಟ್ಸ್ ಕ್ಲಾಸ್ ದಾರಿನೂ ಇದೆ (ಪ್ರತಿ ಬಟನ್‌ನ ಕ್ಲಿಕ್ ಕೇಳಿಸ್ಕೊಳ್ಳೋಕೆ ಒಂದೊಂದು ಆಬ್ಜೆಕ್ಟ್), ಆದ್ರೆ ಆ ಆಬ್ಜೆಕ್ಟ್‌ಗಳನ್ನ ಒಂದು ಕಲೆಕ್ಷನ್‌ನಲ್ಲಿ ಹಿಡಿದಿಡದಿದ್ರೆ ಬಟನ್ ಒತ್ತಿದ್ರೂ ಏನೂ ಆಗಲ್ಲ, ಎರರ್ ಕೂಡ ಬರಲ್ಲ. ಕ್ಯಾಲೆಂಡರ್‌ಗೆ ಅಷ್ಟು ಸಾಹಸ ಬೇಡ ಅನ್ನೋದು ನನ್ನ ಮತ.