‘ಬೆಲ್ಜಿಯಂ ಗ್ಲಾಸು’ ಅಂದ ಕೂಡಲೇ ತಳ ತಿರುಗಿಸಿ
ಕೆಂಪು ಹೂದಾನಿ ಕಣ್ಣಿಗೆ ಬಿದ್ರೆ ಸಾಕು, ‘ಬೆಲ್ಜಿಯಂ ಗ್ಲಾಸು ಸಾರ್, ನೂರೈವತ್ತು ವರ್ಷದ್ದು’ ಅಂತಾರೆ. ನಮ್ಮಲ್ಲಿ ಬೆಲ್ಜಿಯಂ ಅನ್ನೋದು ದೇಶದ ಹೆಸರಾಗಿ ಉಳಿದಿಲ್ಲ, ‘ಒಳ್ಳೇ ಗಾಜು’ ಅನ್ನೋದಕ್ಕೆ ಇನ್ನೊಂದು ಮಾತಾಗಿದೆ. ಬೊಹೀಮಿಯಾದ್ದೂ (ಇವತ್ತಿನ ಚೆಕ್ ದೇಶದ ಭಾಗ) ಬೆಲ್ಜಿಯಂ, ಬರ್ಮಿಂಗ್‌ಹ್ಯಾಮ್‌ದೂ ಬೆಲ್ಜಿಯಂ, ಹೋದ ವರ್ಷ ಫಿರೋಜಾಬಾದ್‌ನಲ್ಲಿ ಊದಿದ್ದೂ ಬೆಲ್ಜಿಯಂ! ನಾನು ಹೇಳೋದಿಷ್ಟು: ಹಳೇ ಗಾಜಿನಲ್ಲಿ ಸಿಗೋ ಹೆಚ್ಚಿನ ಗುರುತುಗಳು ‘ಇದಕ್ಕಿಂತ ಹಿಂದಿನದಲ್ಲ’ ಅಂತ ಮಾತ್ರ ಹೇಳ್ತವೆ. ‘ಇಷ್ಟು ಹಳೇದು’ ಅಂತ ಹೇಳಲ್ಲ.

ತಳದ ನಡುವೆ ಒಡೆದ ಹಾಗಿರೋ ಒರಟು ಗಾಯ ಇದೆಯಾ? ಊದಿದ ಪಾತ್ರೆಯ ಬಾಯಿ ತಿದ್ದೋವಾಗ ಹಿಡಿಯೋದಕ್ಕೆ ತಳಕ್ಕೆ ಅಂಟಿಸ್ತಿದ್ದ ಕಬ್ಬಿಣದ ಸರಳು, ಪಾಂಟಿಲ್, ಕಿತ್ತ ಜಾಗ ಅದು. 19ನೇ ಶತಮಾನದ ಮಧ್ಯದ ಹೊತ್ತಿಗೆ ತಳ ಕಚ್ಚಿ ಹಿಡಿಯೋ ಕ್ಲಿಪ್ಪು ಬಂದು ಈ ಗಾಯ ಕಡಿಮೆಯಾಯ್ತು. ಹಾಗಂತ ‘ಪಾಂಟಿಲ್ ಇದೆ, ಅಂದ್ರೆ ಹಳೇದು’ ಅಂದ್ಕೋಬೇಡಿ. ಇಟಲಿಯ ಗಾಜಿನ ದ್ವೀಪ ಮುರಾನೋದಲ್ಲಿ ಇವತ್ತಿಗೂ ಸರಳು ಹಿಡಿದೇ ಕೆಲಸ ಮಾಡ್ತಾರೆ.

ಪಾಂಟಿಲ್‌ಗಿಂತ ನಾನು ನಂಬೋದು ಸವೆತವನ್ನ. 10 ಪಟ್ಟು ದೊಡ್ಡದಾಗಿ ತೋರಿಸೋ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು, ತಳ ಮೇಜಿಗೆ ತಾಗೋ ಉಂಗುರ ನೋಡಿ. ದಶಕಗಟ್ಟಲೆ ಎತ್ತಿ ಇಟ್ಟಿದ್ದಕ್ಕೆ ಗೀರುಗಳು ಅಡ್ಡಾದಿಡ್ಡಿ ಇರ್ತವೆ, ಕೆಲವು ಆಳ, ಕೆಲವು ಕೂದಲೆಳೆ. ಒಂದೇ ದಿಕ್ಕಿಗೆ ಒಂದೇ ಆಳದ ಗೀರು ಸಾಲಾಗಿದ್ರೆ ಸ್ಯಾಂಡ್ ಪೇಪರ್ ಕೆಲಸ. ಮೇಜಿಗೆ ತಾಗದ ಒಳಗುಳಿಯಲ್ಲೂ ಗೀರಿದ್ರೆ ಇನ್ನೂ ಅನುಮಾನಪಡಿ.

ಇಂಗ್ಲೆಂಡಿನ ಅಚ್ಚೊತ್ತಿದ ಗಾಜಲ್ಲಿ ಕೆಲವೊಮ್ಮೆ ವಿನ್ಯಾಸ ನೋಂದಣಿಯ ಪುಟ್ಟ ವಜ್ರಾಕೃತಿ ಮುದ್ರೆ ಸಿಗತ್ತೆ, ತುದಿಯ ವೃತ್ತದಲ್ಲಿ ರೋಮನ್ III. ಅದು ಗಾಜಿನ ವರ್ಗ. ಈ ಮುದ್ರೆ 1842ರಿಂದ 1883ರವರೆಗೆ ನಡೀತು. ವರ್ಷದ ಅಕ್ಷರ 1867ರವರೆಗೆ ಮೇಲಿನ ಮೂಲೆಯಲ್ಲಿ, 1868ರಿಂದ ಬಲ ಮೂಲೆಯಲ್ಲಿ. 1884ರಿಂದ ಬರೀ ನೋಂದಣಿ ಸಂಖ್ಯೆ. ಆದರೆ ಇದು ವಿನ್ಯಾಸ ನೋಂದಾಯಿಸಿದ ದಿನ. ಅದೇ ಅಚ್ಚಲ್ಲಿ ವರ್ಷಗಟ್ಟಲೆ ಒತ್ತಿರಬಹುದು. ಇನ್ನು ‘ಮೇಡ್ ಇನ್ ಚೆಕೊಸ್ಲೊವಾಕಿಯಾ’ ಅಂತಿರೋ ಹೂದಾನಿಯನ್ನ ವಿಕ್ಟೋರಿಯಾ ಕಾಲದ್ದು ಅಂತ ಮಾರಿದ್ರೆ ನಕ್ಕು ಮುಂದೆ ಹೋಗಿ. ಆ ದೇಶ ಹುಟ್ಟಿದ್ದೇ 1918ರಲ್ಲಿ.

ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಹುಚ್ಚು ಈಗ ಜಾಸ್ತಿ. ಜೋರಾಗಿ ಹಸಿರು ಹೊಳೆದ್ರೆ ಸಾಮಾನ್ಯವಾಗಿ ಯುರೇನಿಯಂ ಬೆರೆಸಿದ ಗಾಜು, ಸರಿ. ಬೊಹೀಮಿಯಾದಲ್ಲಿ 1830ರ ದಶಕದಿಂದಲೇ ಇತ್ತು, ಈಗಲೂ ಮಾಡ್ತಾರೆ. ಹಾಗಾಗಿ ಹೊಳಪಿಂದ ವಯಸ್ಸು ತಿಳಿಯಲ್ಲ.

ಎಲ್ಲಿಯದು ಅಂತ ಪತ್ತೆ ಹಚ್ಚೋದಕ್ಕೆ ಅಡುಗೆಮನೆ ತಕ್ಕಡಿಯೇ ಮೇಲು. ಒಣಗಿದ ಹೂದಾನಿ ತೂಗಿ ಬರ್ಕೊಳ್ಳಿ. ತಕ್ಕಡಿ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ. ಹೂದಾನಿಯನ್ನ ದಾರದಲ್ಲಿ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡೀರಿ. ಈಗ ಬಂದ ಅಂಕಿಯಿಂದ ಮೊದಲ ತೂಕವನ್ನ ಭಾಗಿಸಿ, ಸಿಗೋದು ಗಾಜಿನ ಸಾಂದ್ರತೆ. 620 ಗ್ರಾಂ, ನೀರಲ್ಲಿ 200 ಬಂತು ಅಂದ್ರೆ 3.1, ಸೀಸದ ಗಾಜು. 500ಕ್ಕೆ 200 ಬಂದ್ರೆ 2.5, ಸೀಸ ಇಲ್ಲ. 19ನೇ ಶತಮಾನದ ಒಳ್ಳೇ ಇಂಗ್ಲಿಷ್ ಕಟ್ ಗ್ಲಾಸು ಸಾಮಾನ್ಯವಾಗಿ ಸೀಸದ್ದು, ಬೊಹೀಮಿಯಾದ್ದು ಹೆಚ್ಚಾಗಿ ಸೀಸವಿಲ್ಲದ ಪೊಟ್ಯಾಷ್ ಗಾಜು. 20ನೇ ಶತಮಾನದ ಚೆಕ್ ಕ್ರಿಸ್ಟಲ್‌ಗೂ ಸೀಸ ಬೆರೆಸಿದ್ದಾರೆ ಅನ್ನೋದು ನೆನಪಿರಲಿ. ಕತ್ತಿನೊಳಗೆ ಗಾಳಿ ಗುಳ್ಳೆ ಉಳಿದ್ರೆ ಲೆಕ್ಕ ತಪ್ಪತ್ತೆ, ಓರೆ ಮಾಡಿ ಬಿಡಿಸಿ. ಹಿತ್ತಾಳೆ ಕಾಲು ಅಂಟಿಸಿದ್ರೆ ಈ ಪರೀಕ್ಷೆಯೇ ಬೇಡ.

ಕೆಂಪಿಗೆ ಬಂದ್ರೆ, ಕೊರೆದ ಚಿತ್ತಾರದ ಅಂಚಿಗೆ ಲೂಪ್ ಹಿಡೀರಿ. ಬಣ್ಣಕ್ಕೆ ದಪ್ಪ ಇದ್ದು ಮೆಟ್ಟಿಲ ಹಾಗೆ ಕಂಡ್ರೆ ಅದು ಗಾಜಿನ ಮೇಲೆ ಗಾಜು ಹೊದಿಸಿದ್ದು. ದಪ್ಪವೇ ಇಲ್ಲದಿದ್ರೆ ಬಳಿದು ಸುಟ್ಟ ಬಣ್ಣ, ಬೊಹೀಮಿಯಾದ ಫ್ರೀಡ್ರಿಕ್ ಎಗರ್‌ಮನ್ 1832ರ ಹೊತ್ತಿಗೆ ಪಳಗಿಸಿದ ವಿದ್ಯೆ. ಅಂಗಡಿಯವರು ‘ಬೆಲ್ಜಿಯಂ’ ಅಂತ ತೋರಿಸೋ ಜಿಂಕೆ, ಕೋಟೆ ಕೊರೆದ ಕೆಂಪು ಲೋಟಗಳಲ್ಲಿ ಬಹಳಷ್ಟು ಈ ಜಾತಿಯವು. ಚೆಕ್ ದೇಶದ ಗಾಜಿನ ಊರು ನೋವಿ ಬೋರ್‌ನಲ್ಲಿ ಈಗಲೂ ತಯಾರಾಗ್ತಿವೆ.