ಲೇಸ್‌ನ ತೂತು: ಬಾಬಿನ್ ಲೇಸ್‌ನಲ್ಲಿ ಬಲೆ ಹೆಣೆಯುವ ಬಗೆ

(ದೃಶ್ಯ: ಚಿಕ್ಕಮಗಳೂರಿನ ಒಂದು ಮನೆಯ ಜಗಲಿ. ಹೊರಗೆ ಮಳೆ. ಒಣಹುಲ್ಲು ತುಂಬಿದ ದಿಂಬು, ಅದರ ಮೇಲೆ ಅರ್ಧ ಹೆಣೆದ ಲೇಸ್.)

ನಮಸ್ಕಾರ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಜಾಲಂಧ್ರ ನೋಡಿದ್ದೀರಿ ಅಲ್ವಾ? ಅಲ್ಲಿ ಕಲ್ಲು ಕೊರೆದು ತೂತು ಮಾಡಿದ್ದಾರೆ. ಲೇಸ್‌ನಲ್ಲಿ ಉಲ್ಟಾ. ತೂತಿನ ಸುತ್ತ ದಾರ ಕಟ್ಟುತ್ತಾ ಹೋಗಬೇಕು. ಹೂಬಳ್ಳಿಯ ನಡುವೆ ಇರುವ ಈ ಬಲೆಗೆ ಗ್ರೌಂಡ್ ಅನ್ನುತ್ತಾರೆ. ಇವತ್ತು ಹೂವಿನ ಸುದ್ದಿ ಬೇಡ, ಬಲೆ ಸಾಕು.

ಬಾಬಿನ್ ಅಂದ್ರೆ ದಾರ ಸುತ್ತಿದ ಕಡ್ಡಿ. ನನ್ನವು ಕಾಫಿ ಗಿಡ ಸವರಿದಾಗ ಬಿದ್ದ ರೆಂಬೆಗಳು. ಉಜ್ಜಿ ನುಣುಪು ಮಾಡಿಕೊಂಡೆ.

(ದೃಶ್ಯ: ಕೈಗಳು, ತೀರಾ ಹತ್ತಿರದಿಂದ. ನಾಲ್ಕು ಕಡ್ಡಿ.)

ಎಡದಿಂದ ಎಣಿಸಿ. ಎರಡನೆಯದನ್ನು ಮೂರನೆಯದರ ಮೇಲೆ ದಾಟಿಸಿ. ಇದು ಕ್ರಾಸ್. ಮತ್ತೆ ಎಡದಿಂದ ಎಣಿಸಿ. ಎರಡನೆಯದು ಒಂದನೆಯದರ ಮೇಲೆ, ನಾಲ್ಕನೆಯದು ಮೂರನೆಯದರ ಮೇಲೆ. ಇದು ಟ್ವಿಸ್ಟ್. ಎಷ್ಟೇ ದೊಡ್ಡ ಲೇಸ್ ಇರಲಿ, ಕೈಗೆ ಬೇಕಾದದ್ದು ಈ ಎರಡೇ.

ಬಲೆಗಳಲ್ಲಿ ಸುಲಭದ್ದು ಟೋರ್ಷನ್. ಕ್ರಾಸ್, ಟ್ವಿಸ್ಟ್, ದಿಂಬಿಗೆ ಒಂದು ಗುಂಡುಸೂಜಿ, ಮತ್ತೆ ಕ್ರಾಸ್, ಟ್ವಿಸ್ಟ್. ಸೂಜಿಯ ಮೇಲೂ ಕೆಳಗೂ ದಾರ ಬಿಗಿಯುತ್ತದೆ. ಸಾಲುಗಳು 45 ಡಿಗ್ರಿ ಓರೆ, ತೂತು ಮೂಲೆ ಮೇಲೆ ನಿಂತ ಚೌಕ. ಗಣಿತದ ಚೌಕುಳಿ ಪುಸ್ತಕದಲ್ಲೇ ನಕ್ಷೆ ಹಾಕಬಹುದು.

ಇಂಗ್ಲೆಂಡಿನ ಬಕ್ಸ್ ಪಾಯಿಂಟ್ ಬಲೆ ನೋಡಿ. ಒಂದು ಕ್ರಾಸ್, ಮೂರು ಟ್ವಿಸ್ಟ್, ಸೂಜಿ. ಮುಗೀತು! ಸೂಜಿಯ ಕೆಳಗೆ ದಾರ ಮುಚ್ಚುವುದೇ ಇಲ್ಲ. ಬಿಚ್ಚಿಹೋಗುತ್ತೆ ಅಂತ ನನಗೂ ಭಯವಿತ್ತು. ಹೋಗುವುದಿಲ್ಲ, ಮುಂದಿನ ಸಾಲು ಹಿಡಿದುಕೊಳ್ಳುತ್ತದೆ. ತೂತಿಗೆ ಆರು ಮೂಲೆ. ನಾಲ್ಕು ಬದಿಯಲ್ಲಿ ಎರಡೆಳೆ ಹೊಸೆದಿರುತ್ತದೆ, ಉಳಿದೆರಡು ಬದಿಯಲ್ಲಿ ದಾರ ಸುಮ್ನೆ ದಾಟಿರುತ್ತದೆ. ಅದಕ್ಕೇ ಇಷ್ಟು ತೆಳು.

ಬೆಲ್ಜಿಯಂನ ಮೆಕ್ಲಿನ್ ಲೇಸ್‌ನಲ್ಲಿ ಆ ಎರಡು ಬದಿಗೂ ನಾಲ್ಕೆಳೆ ಜಡೆ. ವ್ಯಾಲೆನ್ಸಿಯೆನ್ಸ್ ಲೇಸ್‌ನಲ್ಲಂತೂ ಎಲ್ಲ ಬದಿಯೂ ಜಡೆ. ಅಷ್ಟು ತಾಳ್ಮೆ ನನಗಿಲ್ಲ.

1809ರಲ್ಲಿ ಜಾನ್ ಹೀತ್‌ಕೋಟ್ ಪೇಟೆಂಟ್ ಪಡೆದ ಯಂತ್ರವೂ ಆರು ಮೂಲೆಯ ಬಲೆಯನ್ನೇ ಹೆಣೆಯಿತು. ಆಮೇಲೆ ಯಂತ್ರದ ಬಲೆಗೆ ಕೈಯಲ್ಲಿ ಮಾಡಿದ ಹೂವು ಹೊಲಿಯುವವರು ಬಂದರು. ಯಂತ್ರ ಮೊದಲು ಕಸಿದುಕೊಂಡದ್ದು ತೂತಿನ ಕೆಲಸ!

(ದೃಶ್ಯ: ಸೂಜಿ ಕೀಳುವುದು.)

ಇಲ್ಲಿ ನೋಡಿ, ಈ ತೂತು ಸೊಟ್ಟ. ಮೂರರ ಬದಲು ಎರಡೇ ಟ್ವಿಸ್ಟ್ ಹಾಕಿದ್ದೆ. ಸೂಜಿ ಇರುವವರೆಗೆ ಗೊತ್ತೇ ಆಗಲಿಲ್ಲ. ಪಕ್ಕದ ಕಂದು ಚುಕ್ಕೆ ತುಕ್ಕು. ನಮ್ಮ ಮಳೆಗಾಲಕ್ಕೆ ಕಬ್ಬಿಣದ ಸೂಜಿ ಬೇಡ, ಹಿತ್ತಾಳೆಯದ್ದೇ ತನ್ನಿ.